ಮುದ್ದೆ ತಿಂದರೆ ರಕ್ತನಾಳದಲ್ಲಿ ಸುಣ್ಣ ಕಟ್ಟುತ್ತಾ?

ಮಳವಳ್ಳಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ತಂದೆಗೆ 63 ವರ್ಷ. ಹೃದಯದ ಸ್ಕ್ಯಾನ್‌ನಲ್ಲಿ ಕ್ಯಾಲ್ಸಿಯಂ ಸ್ಕೋರ್ 180 ಬಂದಿದೆ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಲ್ವಾ, ಮುದ್ದೆ ನಿಲ್ಲಿಸಬೇಕಾ? ಸೊಪ್ಪು, ಬೆಳ್ಳುಳ್ಳಿ, ಮೆಗ್ನೀಷಿಯಂ ಮಾತ್ರೆಯಿಂದ ಇದನ್ನು ಕರಗಿಸಬಹುದಾ?"

ಮುದ್ದೆ ನಿಲ್ಲಿಸಬೇಡಿ. ಬೇರೆಲ್ಲ ಆಮೇಲೆ. ಹೃದಯದ ರಕ್ತನಾಳಗಳಲ್ಲಿ ಎಷ್ಟು ಕ್ಯಾಲ್ಸಿಯಂ, ಅಂದರೆ ಸುಣ್ಣ, ಕಟ್ಟಿದೆ ಅನ್ನೋದರ ಲೆಕ್ಕವೇ ಈ ಸ್ಕೋರ್.

ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ನೋಡಿ. ಬಿಳಿ ಹಕ್ಕಳೆ ಕಟ್ಟಿರುತ್ತೆ, ಉಗುರಿನಿಂದ ಕೆರೆದರೆ ಚೂರು ಚೂರಾಗಿ ಏಳುತ್ತೆ. ರಕ್ತನಾಳದಲ್ಲೂ ಹೀಗೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನಾಳದ ಗೋಡೆಯೊಳಗೆ ಕೊಬ್ಬು ಸೇರಿ, ಊತ ಬಂದು, ಆ ಗಾಯ ಹಳೆಯದಾದ ಮೇಲೆ ಅಲ್ಲಿನ ಸ್ನಾಯುಕೋಶಗಳು ಮೂಳೆ ಕಟ್ಟುವ ಕೋಶಗಳ ಹಾಗೆ ಕೆಲಸ ಶುರು ಮಾಡುತ್ತವೆ. ಬೀಡಿ ಸಿಗರೇಟು, ಬಿಪಿ, ಶುಗರ್, ಕೊಲೆಸ್ಟ್ರಾಲ್, ಕಿಡ್ನಿ ತೊಂದರೆ ಇದಕ್ಕೆ ದಾರಿ ಮಾಡಿಕೊಡುತ್ತವೆ. ತಟ್ಟೆಯಲ್ಲಿರುವ ಕ್ಯಾಲ್ಸಿಯಂ ಅಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕು ಅನ್ನೋದನ್ನು ದೇಹವೇ ಬಿಗಿಯಾಗಿ ಹಿಡಿದಿಡುತ್ತೆ.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಿಜ. ಆದರೆ ಅಮೆರಿಕದಲ್ಲಿ 10 ವರ್ಷ ಜನರನ್ನು ಗಮನಿಸಿ 2016ರಲ್ಲಿ ಪ್ರಕಟವಾದ ಮೆಸಾ ಅಧ್ಯಯನದಲ್ಲಿ, ಊಟದಿಂದ ಹೆಚ್ಚು ಕ್ಯಾಲ್ಸಿಯಂ ತಿಂದವರ ನಾಳಗಳಿಗೆ ತೊಂದರೆ ಕಾಣಲಿಲ್ಲ. ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದವರಲ್ಲಿ ಹೊಸದಾಗಿ ಸುಣ್ಣ ಕಟ್ಟುವುದು ಸ್ವಲ್ಪ ಜಾಸ್ತಿ ಕಂಡಿತು. ಹಾಗಾಗಿ ತಂದೆಯವರು ಸುಮ್ನೆ ಕ್ಯಾಲ್ಸಿಯಂ ಮಾತ್ರೆ ತಗೊಳ್ತಿದ್ದರೆ, ಅದು ಬೇಕಾ ಅಂತ ಡಾಕ್ಟರನ್ನು ಕೇಳಿ.

ರಾಗಿಯಲ್ಲಿ ಫೈಟೇಟ್ ಅಂತ ಒಂದು ಪದಾರ್ಥ ಇದೆ. ಕಬ್ಬಿಣ, ಸತು ದೇಹಕ್ಕೆ ಹತ್ತದ ಹಾಗೆ ಮಾಡುತ್ತೆ ಅಂತ ಅದಕ್ಕೆ ಕೆಟ್ಟ ಹೆಸರು. ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಅದು ಕಡಿಮೆಯಾಗುತ್ತೆ. ಆದರೆ ಇದೇ ಫೈಟೇಟ್‌ಗೆ ಕ್ಯಾಲ್ಸಿಯಂ ಹರಳು ಬೆಳೆಯದ ಹಾಗೆ ತಡೆಯುವ ಗುಣವೂ ಇದೆ. ಅದರಿಂದ ಮಾಡಿದ ಇಂಜೆಕ್ಷನ್ ಡಯಾಲಿಸಿಸ್ ರೋಗಿಗಳಲ್ಲಿ ಸುಣ್ಣ ಕಟ್ಟುವ ವೇಗವನ್ನು ತಗ್ಗಿಸಿದ್ದೂ ಉಂಟು. ಹಾಗಂತ ಮುದ್ದೆಯೇ ಔಷಧ ಅನ್ನಲು ಬರುವುದಿಲ್ಲ. ನೇರವಾಗಿ ರಕ್ತಕ್ಕೆ ಹೋಗುವ ಇಂಜೆಕ್ಷನ್ ಬೇರೆ, ಊಟ ಬೇರೆ.

ಇನ್ನು ಸೊಪ್ಪು. ನಾಳದ ಗೋಡೆಯನ್ನು ಸುಣ್ಣದಿಂದ ಕಾಯುವ ಒಂದು ಪ್ರೋಟೀನ್ ಇದೆ. ಅದು ಕೆಲಸ ಮಾಡಲು ವಿಟಮಿನ್ ಕೆ ಬೇಕು. ನಮ್ಮ ದಂಟು, ಹರಿವೆ, ನುಗ್ಗೆಸೊಪ್ಪಿನಲ್ಲಿ ಇದು ಬೇಕಾದಷ್ಟಿದೆ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಆದ್ದರಿಂದ ಮಸ್ಸೊಪ್ಪಿಗೆ ಎಣ್ಣೆ ಕಾಯಿಸಿ ಬೆಳ್ಳುಳ್ಳಿ ಜಜ್ಜಿ ಹಾಕುವ ಆ ಒಂದು ಚಮಚ ಒಗ್ಗರಣೆ ಬರೀ ಘಮಕ್ಕಲ್ಲ. ಉಪ್ಸಾರು ಮಾತ್ರ ಹುಷಾರು. ಬಿಪಿ ಇರುವವರ ಮನೆಯಲ್ಲಿ ಅದರ ಉಪ್ಪು, ಖಾರದ ಉಪ್ಪು ಎರಡೂ ಕಡಿಮೆಯಾಗಲೇಬೇಕು.

ಆದರೆ ವಿಟಮಿನ್ ಕೆಯ ಇನ್ನೊಂದು ರೂಪವಾದ ಕೆ2 ಮಾತ್ರೆಗೆ ದುಡ್ಡು ಸುರಿಯುವ ಮೊದಲು ಇದನ್ನು ತಿಳಿದಿರಿ. ಡೆನ್ಮಾರ್ಕ್‌ನಲ್ಲಿ ಹೃದಯದ ಕವಾಟದಲ್ಲಿ ಸುಣ್ಣ ಕಟ್ಟಿದ್ದ ಗಂಡಸರಿಗೆ 2 ವರ್ಷ ದಿನಾ ಕೆ2 ಮತ್ತು ವಿಟಮಿನ್ ಡಿ ಕೊಟ್ಟು ನೋಡಿದರು. 2022ರಲ್ಲಿ ಫಲಿತಾಂಶ ಬಂತು: ಕವಾಟದ ಸುಣ್ಣ ಬೆಳೆಯುವುದು ನಿಧಾನವಾಗಲಿಲ್ಲ. ಮೆಗ್ನೀಷಿಯಂ ಕೂಡ ಪ್ರಯೋಗಶಾಲೆಯಲ್ಲಿ ಹರಳು ಕಟ್ಟುವುದನ್ನು ತಡೆಯುತ್ತೆ. ಕಿಡ್ನಿ ರೋಗಿಗಳಿಗೆ ಒಂದು ವರ್ಷ ಮಾತ್ರೆಯಾಗಿ ಕೊಟ್ಟಾಗ ನಾಳದ ಸುಣ್ಣ ತಗ್ಗಲಿಲ್ಲ. ಕಿಡ್ನಿ ಸೋತಿದ್ದರೆ ಮೆಗ್ನೀಷಿಯಂ ರಕ್ತದಲ್ಲೇ ಉಳಿದು ಅಪಾಯ ಮಾಡಬಹುದು. ರಾಗಿ, ಎಳ್ಳು, ಹುರುಳಿ ತಿನ್ನುವವರಿಗೆ ಊಟದಲ್ಲೇ ಸಿಗುತ್ತೆ. ಬೆಳ್ಳುಳ್ಳಿ ಸಾರಿಗೆ ಹಾಕಿ, ಚೆನ್ನಾಗಿರುತ್ತೆ. ಕಟ್ಟಿದ ಸುಣ್ಣವನ್ನು ಅದು ಕರಗಿಸುವುದಿಲ್ಲ.

ತಂದೆಯವರು ರಕ್ತ ತೆಳುವಾಗಲು ವಾರ್ಫರಿನ್ ಅಥವಾ ಅಸಿಟ್ರೋಮ್ ತಗೊಳ್ತಿದ್ದರೆ ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬೇಡಿ, ಒಮ್ಮೆಲೇ ಬಿಡಲೂಬೇಡಿ. ವಿಟಮಿನ್ ಕೆ ಏರುಪೇರಾಗಿ ಮಾತ್ರೆಯ ಲೆಕ್ಕ ತಪ್ಪುತ್ತೆ.

ಕೊನೆಯದಾಗಿ, ಸ್ಕೋರ್ 100 ದಾಟಿದರೆ ಸಾಮಾನ್ಯವಾಗಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡಲು ಹೇಳುತ್ತಾರೆ. ಅದನ್ನು ತಗೊಂಡವರಲ್ಲಿ ಕೆಲವು ಸಲ ಸ್ಕೋರ್ ಇನ್ನೂ ಏರುತ್ತೆ. ಒಡೆಯುವಂಥ ಮೆತ್ತನೆಯ ಕೊಬ್ಬು ಗಟ್ಟಿಯಾಗಿ ತಣ್ಣಗಾಗುತ್ತಿರುತ್ತೆ, ಹಾರ್ಟ್ ಅಟ್ಯಾಕ್ ಅಪಾಯ ಇಳಿಯುತ್ತಿರುತ್ತೆ. ಮುಂದಿನ ಸ್ಕ್ಯಾನ್‌ನಲ್ಲಿ 180 ಇದ್ದದ್ದು 210 ಆಯ್ತು ಅಂತ ಹೆದರಿ ಮಾತ್ರೆ ಬಿಡಿಸಿ ಪುಡಿ, ಕಷಾಯ ಹಿಡಿಸಬೇಡಿ.