‘ಹಾಡು ಬೆಂಕಿ, ಆದ್ರೆ…’: ಮೆಚ್ಚುಗೆ, ಮುನಿಸು ಬೆರೆತ ಕಮೆಂಟಿನ ಲೆಕ್ಕ

‘ಹಾಡು ಬೆಂಕಿ, ಹೀರೋ ಎಂಟ್ರಿ ಸೂಪರ್, ಆದ್ರೆ ಸೆಕೆಂಡ್ ಹಾಫ್ ತುಂಬಾ ಎಳ್ದಿದ್ದಾರೆ.’ ಸಿನಿಮಾ ನೋಡಿ ಬಂದವರು ಬರೆಯುವ ಇಂಥ ಕಮೆಂಟು ಕನ್ನಡಿಗರಿಗೆ ಅರೆಗಳಿಗೆಯಲ್ಲಿ ಅರ್ಥವಾಗುತ್ತದೆ. ಇದು ಮೆಚ್ಚುಗೆಯೋ ಟೀಕೆಯೋ ಎಂದು ಕಂಪ್ಯೂಟರಿಗೆ ಕೇಳಿದರೆ ಪ್ರಶ್ನೆಯೇ ತಪ್ಪಾಗುತ್ತದೆ. ಎರಡೂ ಇದೆ. ಬರಹದ ಭಾವವನ್ನು ಯಂತ್ರದಿಂದ ಅಳೆಯುವ ಲೆಕ್ಕದಲ್ಲಿ ಆ ‘ಎರಡೂ’ಗೆ ಜಾಗ ಸಿಗಲು ವರ್ಷಗಳೇ ಬೇಕಾದವು. ಸಿಕ್ಕ ಜಾಗವೂ ಇಕ್ಕಟ್ಟಿನದು.

2002ರಲ್ಲಿ ಸಂಶೋಧಕರಾದ ಬೋ ಪ್ಯಾಂಗ್, ಲಿಲಿಯನ್ ಲೀ ಮತ್ತು ಶಿವಕುಮಾರ್ ವೈದ್ಯನಾಥನ್ ಇಂಗ್ಲಿಷ್ ಸಿನಿಮಾ ವಿಮರ್ಶೆಗಳನ್ನು ಯಂತ್ರದಿಂದ ವಿಂಗಡಿಸಿದರು. 700 ಹೊಗಳಿಕೆ, 700 ತೆಗಳಿಕೆ. ನಡುವಿನ ಅಂಕ ಪಡೆದವನ್ನು ಬದಿಗಿಟ್ಟರು. ನಿಖರತೆ ಸುಮಾರು 83% ಬಂತು. ಯಂತ್ರ ಎಲ್ಲಿ ಎಡವಿತು ಎಂಬುದನ್ನೂ ಅವರೇ ಗುರುತಿಸಿದ್ದರು: ನಟರು, ಕಥೆ ಎಲ್ಲವನ್ನೂ ಹೊಗಳುತ್ತಾ ಹೋಗಿ ಕೊನೆಗೆ ಒಂದೇ ಸಾಲಿನಲ್ಲಿ ‘ಆದರೂ ಚಿತ್ರ ಗೆಲ್ಲಲಿಲ್ಲ’ ಎನ್ನುವ ವಿಮರ್ಶೆಗಳಲ್ಲಿ. ಅದೇ ವರ್ಷ ಪೀಟರ್ ಟರ್ನಿ ಪದಗುಚ್ಛಗಳಿಗೆ ಅಂಕ ಕೊಟ್ಟು ಸರಾಸರಿ ತೆಗೆದರು. ಕಾರಿನ ವಿಮರ್ಶೆಗಳಲ್ಲಿ 84% ಸರಿಯಾದ ಈ ವಿಧಾನ ಸಿನಿಮಾದಲ್ಲಿ 66%ಕ್ಕೆ ಇಳಿಯಿತು. ಖಳನಾಯಕನ ಕ್ರೌರ್ಯ ವರ್ಣಿಸುವ ಪದಗಳೆಲ್ಲ ಚಿತ್ರದ ಮೇಲಿನ ಟೀಕೆ ಎಂದೇ ಲೆಕ್ಕಕ್ಕೆ ಬಂದಿದ್ದವು.

ಸರಾಸರಿಯೇ ಇಲ್ಲಿನ ಮೂಲ ದೋಷ. ಹಾಡಿಗೆ +3, ದ್ವಿತೀಯಾರ್ಧಕ್ಕೆ −3 ಕೊಟ್ಟು ಕೂಡಿದರೆ ಸೊನ್ನೆ. ‘ಟ್ರೈಲರ್ ಯಾವಾಗ ಬರುತ್ತೆ?’ ಎಂದು ಕೇಳಿದವರಿಗೂ ಸೊನ್ನೆ. ಒಬ್ಬರಿಗೆ ಅಭಿಪ್ರಾಯವೇ ಇಲ್ಲ, ಇನ್ನೊಬ್ಬರಿಗೆ ಎರಡು ಗಟ್ಟಿ ಅಭಿಪ್ರಾಯಗಳಿವೆ. ಲೆಕ್ಕದಲ್ಲಿ ಮಾತ್ರ ಇಬ್ಬರೂ ಒಂದೇ. ಮೈಕ್ ಥೆಲ್ವಾಲ್ ಮತ್ತು ಸಂಗಡಿಗರು 2010ರಲ್ಲಿ ತಂದ ಸೆಂಟಿಸ್ಟ್ರೆಂತ್ ಎಂಬ ಉಪಕರಣ ಇದಕ್ಕೆ ಸರಳ ದಾರಿ ಹಿಡಿಯಿತು: ಮೆಚ್ಚುಗೆಗೆ 1ರಿಂದ 5, ಮುನಿಸಿಗೆ −1ರಿಂದ −5, ಎರಡನ್ನೂ ಬೇರೆ ಬೇರೆಯಾಗಿ ಕೊಡುವುದು. ಇಷ್ಟು ಒಳ್ಳೆಯ ಉಪಾಯ ಇನ್ನೂ ಎಲ್ಲ ಕಡೆ ಬಳಕೆಗೆ ಬಾರದಿರುವುದು ಬೇಸರದ ಸಂಗತಿ.

2014ರ ಸೆಮ್‌ಇವಾಲ್ ಎಂಬ ಭಾಷಾ ತಂತ್ರಾಂಶಗಳ ಸ್ಪರ್ಧೆ ರೆಸ್ಟೋರೆಂಟ್ ವಿಮರ್ಶೆಗಳಲ್ಲಿ ಇಡೀ ಬರಹಕ್ಕೆ ಒಂದು ಗುರುತು ಹಾಕುವ ಬದಲು ಊಟ, ಬೆಲೆ, ಸೇವೆ ಎಂದು ಅಂಶವಾರು ಗುರುತಿಸಿತು. ಒಂದೇ ಅಂಶದ ಬಗ್ಗೆ ಎರಡೂ ಭಾವ ಇದ್ದರೆ ಮೆಚ್ಚುಗೆ, ಟೀಕೆ, ತಟಸ್ಥದ ಜೊತೆಗೆ ‘ಸಂಘರ್ಷ’ ಎಂಬ ನಾಲ್ಕನೇ ಗುರುತೂ ಇತ್ತು. ಯಂತ್ರಕ್ಕೆ ಕಲಿಸಲು ಕೊಟ್ಟ ರೆಸ್ಟೋರೆಂಟ್ ದತ್ತಾಂಶದ 3,693 ಗುರುತುಗಳಲ್ಲಿ ಅದಕ್ಕೆ ಸಿಕ್ಕಿದ್ದು 91. ಕಡಿಮೆ ಇದೆ ಎಂದು ಮುಂದೆ ಎಷ್ಟೋ ಸಂಶೋಧಕರು ಅದನ್ನು ತೆಗೆದೇ ಬಿಟ್ಟರು.

ಕನ್ನಡಕ್ಕೆ ಬರೋಣ. ಯೂಟ್ಯೂಬಿನ ಕನ್ನಡ–ಇಂಗ್ಲಿಷ್ ಬೆರಕೆ ಕಮೆಂಟುಗಳ ಕ್ಯಾನ್‌ಸಿಎಂಡಿ ಎಂಬ ಸಂಗ್ರಹ 2020ರಲ್ಲಿ ಹೊರಬಂತು. ಒಟ್ಟು 7,671 ಕಮೆಂಟುಗಳಲ್ಲಿ ಮೆಚ್ಚುಗೆ 3,518, ಟೀಕೆ 1,484, ತಟಸ್ಥ 842, ಬೇರೆ ಭಾಷೆಯವು 1,136. ಮಿಶ್ರ ಭಾವದವು 691, ಅಂದರೆ ಬರೀ 9%. ಮಿಶ್ರ ಭಾವವನ್ನು ಒಮ್ಮೆಯೂ ಹೇಳದ ಯಂತ್ರ ಕಳೆದುಕೊಳ್ಳುವುದು ಆ 9% ಮಾತ್ರ, ಒಟ್ಟಾರೆ ನಿಖರತೆ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಒಟ್ಟು ಅಂಕ ನೋಡಿ ಸಮಾಧಾನಪಡಬಾರದು. ಈ 691ರಲ್ಲಿ ಎಷ್ಟನ್ನು ಹಿಡಿಯಿತು ಎಂದೇ ಪ್ರತ್ಯೇಕವಾಗಿ ಕೇಳಬೇಕು.

ಪದಕ್ಕೊಂದು ಅಂಕ ಹಚ್ಚಿದ ಪದಕೋಶ ನಂಬಿದರೂ ಕೆಡುತ್ತದೆ. ‘ಬೆಂಕಿ’ ಎಂದರೆ ಅನಾಹುತ ಎಂದೇ ಓದುವ ಯಂತ್ರ ಮೇಲಿನ ಹಾಡನ್ನು ಟೀಕೆಗೆ ಸೇರಿಸುತ್ತದೆ. ‘ಇನ್ನೂ ಚೆನ್ನಾಗಿ ಮಾಡಬಹುದಿತ್ತು’ ಎಂಬುದರಲ್ಲಿ ಒಂದೂ ಕೆಟ್ಟ ಪದವಿಲ್ಲ, ಇಡೀ ಮಾತು ಅಸಮಾಧಾನ. ನಕಾರ ಕ್ರಿಯಾಪದದ ಬಾಲದಲ್ಲಿ ಅಂಟಿಕೊಳ್ಳುತ್ತದೆ: ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’. ಪದದ ತುದಿ ಕತ್ತರಿಸಿ ಧಾತು ಉಳಿಸಿಕೊಳ್ಳುವ ಪೂರ್ವಸಂಸ್ಕರಣೆ ಎರಡನ್ನೂ ಒಂದೇ ಮಾಡಿಬಿಡುತ್ತದೆ. ಇಂಗ್ಲಿಷಿನ ವೇಡರ್ ಎಂಬ ಉಪಕರಣ ‘ಬಟ್’ ಸಿಕ್ಕರೆ ಹಿಂದಿನ ಅಂಕವನ್ನು ಅರ್ಧಕ್ಕಿಳಿಸಿ ಮುಂದಿನದನ್ನು ಒಂದೂವರೆ ಪಟ್ಟು ಮಾಡುತ್ತದೆ. ನಮ್ಮಲ್ಲಿ ಆದರೆ, ಆದ್ರೆ, ಆದ್ರೂ, ಬಟ್ ಎಲ್ಲವೂ ಓಡಾಡುತ್ತವೆ, ರೋಮನ್ ಲಿಪಿಯಲ್ಲಿ ಒಂದೊಂದಕ್ಕೂ ಹಲವು ಕಾಗುಣಿತ. ‘ಬಿಟ್ರೆ’ ಇನ್ನೂ ಕಷ್ಟ. ‘ಕ್ಲೈಮ್ಯಾಕ್ಸ್ ಬಿಟ್ರೆ ಎಲ್ಲ ಸೂಪರ್’, ‘ಕ್ಲೈಮ್ಯಾಕ್ಸ್ ಬಿಟ್ರೆ ಏನೂ ಇಲ್ಲ’: ಕ್ಲೈಮ್ಯಾಕ್ಸ್ ಚೆನ್ನಾಗಿತ್ತೇ ಎಂಬುದು ವಾಕ್ಯ ಮುಗಿದ ಮೇಲಷ್ಟೇ ಗೊತ್ತಾಗುತ್ತದೆ.

ಇಂಥ ಕಮೆಂಟುಗಳನ್ನು ವಿಂಗಡಿಸುವ ಕೆಲಸಕ್ಕೆ ಇಳಿಯುವವರು ಮೊದಲು 300 ಕಮೆಂಟುಗಳನ್ನು ಕೈಯಲ್ಲೇ ಗುರುತಿಸಲಿ. ಮೂವರು ಓದುಗರು, ಒಬ್ಬರದನ್ನು ಇನ್ನೊಬ್ಬರು ನೋಡದೆ. ಕಾಗುಣಿತ ಒಂದುಗೂಡಿಸಿ, ‘ಆದ್ರೆ’, ‘ಬಿಟ್ರೆ’ ಇರುವಲ್ಲಿ ಕಮೆಂಟನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಯಾವುದರ ಬಗ್ಗೆ ಎಂಬುದು, ಮೆಚ್ಚುಗೆ ಎಷ್ಟು, ಮುನಿಸು ಎಷ್ಟು ಎಂದು ಮೂರು ಕಾಲಂ ಬರೆಯಬೇಕು. ‘ಬಿಟ್ರೆ’ಯ ತುಂಡಿಗೆ ಮಾತ್ರ ಮುಂದಿನ ತುಂಡು ನೋಡಿಯೇ ಅಂಕ ಹಾಕಬೇಕು. ಎಮೋಜಿ ಅಳಿಸಬಾರದು, ‘ಸೂಪರ್’ ಪಕ್ಕದ ನಗುಮುಖ ಎಷ್ಟೋ ಸಲ ಅಣಕ. ಇಬ್ಬರು ಮೆಚ್ಚುಗೆ, ಒಬ್ಬರು ಟೀಕೆ ಎಂದರೆ ಬಹುಮತ ಹಿಡಿದು ಮೂರನೆಯವರ ಗುರುತನ್ನು ಅಳಿಸುವುದು ರೂಢಿ. ಅಳಿಸದೆ ಮೂರನ್ನೂ ಕಡತದಲ್ಲಿ ಉಳಿಸಿ, ಜಗಳ ಬಿದ್ದ ಕಮೆಂಟುಗಳನ್ನೇ ಬೇರೆ ಹಾಳೆಗೆ ಎತ್ತಿಟ್ಟು ಮತ್ತೊಮ್ಮೆ ಓದಬೇಕು. ಮಿಶ್ರ ಭಾವದವು ಹೆಚ್ಚಾಗಿ ಸಿಗುವುದು ಆ ಹಾಳೆಯಲ್ಲೇ.