ಬೂಟಿನ ಕಥೆಯ ಆಚೆಗೆ: ಭಾರತ ಫುಟ್‌ಬಾಲ್ ತಂಡ ನಡೆದ ಹಾದಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾವು ಏಳು ಜನ ಪ್ರತಿ ಭಾನುವಾರ ಸಂಜೆ ಒಂದೊಂದು ವಿಷಯವನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತೇವೆ. ಕಳೆದ ವಾರ ಕ್ರೀಡೆಯ ಪಾಳಿ ನನ್ನದು. ‘ಭಾರತ 1950ರ ವಿಶ್ವಕಪ್ಪಿನಲ್ಲಿ ಏಕೆ ಆಡಲಿಲ್ಲ?’ ಎಂದು ಕೇಳಿದ್ದೇ ತಡ, ಆರು ಜನರೂ ಒಂದೇ ಉತ್ತರ ಕೊಟ್ಟರು: ‘ಬರಿಗಾಲಿನಲ್ಲಿ ಆಡಲು ಬಿಡಲಿಲ್ಲ.’ ಎರಡು ವರ್ಷದ ಹಿಂದೆ ನಾನು ಬರೆದುಕೊಂಡಿದ್ದ ನೋಟ್‌ಬುಕ್ಕಿನಲ್ಲೂ ಅದೇ ವಾಕ್ಯವಿತ್ತು. ಅದನ್ನು ತಿದ್ದಿ ಬರೆಯಬೇಕು ಅನ್ನಿಸಿತು. ಆ ಒಂದು ಉತ್ತರ ತಪ್ಪಾದರೆ ಮುಂದಿನ ಎಪ್ಪತ್ತು ವರ್ಷಗಳ ಕಥೆಯೂ ಅರ್ಥವಾಗದೆ ಉಳಿಯುತ್ತದೆ.

ಮೊದಲು ಮೂರು ಇಸವಿಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಸ್ಥಾಪನೆಯಾದದ್ದು 1937ರಲ್ಲಿ, ಫಿಫಾ ಸದಸ್ಯತ್ವ ಸಿಕ್ಕಿದ್ದು 1948ರಲ್ಲಿ, ಏಷ್ಯಾ ಫುಟ್‌ಬಾಲ್ ಒಕ್ಕೂಟ ಹುಟ್ಟಿದ್ದು 1954ರಲ್ಲಿ. ಈ ಒಕ್ಕೂಟದ ಸ್ಥಾಪಕ ಸದಸ್ಯರಲ್ಲಿ ಭಾರತವೂ ಒಂದು.

ಲಂಡನ್ ಮತ್ತು ಆಡದೇ ಹೋದ ವಿಶ್ವಕಪ್

ಸ್ವತಂತ್ರ ಭಾರತದ ತಂಡ ಮೊದಲು ದೊಡ್ಡ ಕಣಕ್ಕಿಳಿದದ್ದು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ. ನಾಗಾ ಸಮುದಾಯದ ತಲಿಮೆರೆನ್ ಆವೊ ನಾಯಕ; ಅವರು ಮುಂದೆ ವೈದ್ಯರಾದರು. ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಹೆಚ್ಚಿನವರು ಬರಿಗಾಲಿನಲ್ಲೇ ಆಡಿದರು. ಫ್ರಾನ್ಸ್ ಎದುರು ಸಾರಂಗಪಾಣಿ ರಾಮನ್ ಗೋಲು ಹೊಡೆದು ಪಂದ್ಯ ಸಮ ಮಾಡಿದರು. ಸಿಕ್ಕಿದ ಎರಡು ಪೆನಾಲ್ಟಿಗಳು ಮಾತ್ರ ವ್ಯರ್ಥವಾದವು. ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತರೂ ಲಂಡನ್ನಿನ ಪ್ರೇಕ್ಷಕರು ಈ ತಂಡವನ್ನು ಮೆಚ್ಚಿಕೊಂಡರು.

ಎರಡು ವರ್ಷಗಳ ನಂತರ ಬ್ರೆಜಿಲ್ ವಿಶ್ವಕಪ್. ಅರ್ಹತಾ ಸುತ್ತಿನಿಂದ ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದದ್ದರಿಂದ ಒಂದೂ ಪಂದ್ಯ ಆಡದೆ ಭಾರತಕ್ಕೆ ಸ್ಥಾನ ಸಿಕ್ಕಿತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪು ನಮ್ಮದು. ಪ್ರಯಾಣದ ಖರ್ಚಿನ ದೊಡ್ಡ ಭಾಗವನ್ನು ಭರಿಸಲು ಆತಿಥೇಯರು ಮುಂದೆ ಬಂದಿದ್ದರು. ಆದರೂ ನಮ್ಮ ಫೆಡರೇಷನ್ ಹಿಂದೆ ಸರಿಯಿತು. ಅದು ಆಗ ಕೊಟ್ಟ ಕಾರಣಗಳು ಎರಡು: ತಂಡದ ಆಯ್ಕೆಯಲ್ಲಿನ ಭಿನ್ನಾಭಿಪ್ರಾಯ ಮತ್ತು ಅಭ್ಯಾಸಕ್ಕೆ ಸಮಯ ಸಾಲದಿರುವುದು. ಆ ಪೀಳಿಗೆಯ ಪ್ರಮುಖ ರಕ್ಷಣಾ ಆಟಗಾರ ಶೈಲೇನ್ ಮನ್ನಾ ಅವರು ಎಷ್ಟೋ ವರ್ಷಗಳ ನಂತರ ನೇರವಾಗಿ ಹೇಳಿದ್ದೇನೆಂದರೆ, ಆಗ ಅವರಿಗೆಲ್ಲ ಒಲಿಂಪಿಕ್ಸೇ ಸರ್ವಸ್ವವಾಗಿತ್ತು, ವಿಶ್ವಕಪ್ಪಿನ ಮಹತ್ವ ಗೊತ್ತೇ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಬೂಟಿನ ನಿಯಮ ಸುಳ್ಳೆಂದು ನಾನು ಹೇಳುತ್ತಿಲ್ಲ, ಬೂಟಿಲ್ಲದೆ ಆಡಬಾರದೆಂಬ ಮಾತು ಫಿಫಾದಿಂದ ಬಂದದ್ದು ನಿಜ. ಆದರೆ ಬೂಟು ಕೊಳ್ಳುವುದು ಅಥವಾ ತೊಟ್ಟು ಅಭ್ಯಾಸ ಮಾಡುವುದು ಒಂದು ದೇಶಕ್ಕೆ ಆಗದ ಕೆಲಸವಲ್ಲ. ಹೋಗಲೇಬೇಕು ಎಂದು ಅನ್ನಿಸಿದ್ದರೆ ಬೂಟು ಬರುತ್ತಿತ್ತು. ಯಾವ ಪಂದ್ಯಾವಳಿಯನ್ನು ದೊಡ್ಡದೆಂದು ಎಣಿಸಿದೆವು ಎಂಬುದೇ ಈ ಇಡೀ ಅಧ್ಯಾಯದ ಕೀಲಿಕೈ. ಮುಂದಿನ ಏರಿಕೆಗೂ ಇಳಿಕೆಗೂ ಅದನ್ನೇ ಹಚ್ಚಿ ನೋಡಿ.

1951ರಲ್ಲಿ ನವದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಇರಾನ್ ಸೋತಿತು, ಚಿನ್ನ ನಮ್ಮದಾಯಿತು. ನಾಯಕ ಶೈಲೇನ್ ಮನ್ನಾ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ 10-1ರಿಂದ ನಮ್ಮನ್ನು ಸೋಲಿಸಿತು. ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಅಲ್ಲೂ ನಮ್ಮವರಲ್ಲಿ ಹಲವರು ಬರಿಗಾಲಿನಲ್ಲೇ ಆಡಿದ್ದರು. ಮಳೆಯಾದ ಮೇಲೆ ನವಲಗುಂದದ ಕಡೆಯ ಎರೆಹೊಲದಲ್ಲಿ ಬರಿಗಾಲಿನಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಣ ನೆಲದಲ್ಲಿ ಚೆಂಡನ್ನು ಬೆರಳಿನಿಂದಲೇ ಹಿಡಿದಂತೆ ಆಡಿಸಬಲ್ಲ ಕಾಲು, ತೇವದ ತಣ್ಣನೆಯ ನೆಲದಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಆ ಸೋಲಿನ ನಂತರ ಫೆಡರೇಷನ್ ಬೂಟನ್ನು ಕಡ್ಡಾಯ ಮಾಡಿತು. 1950ರ ಪ್ರಶ್ನೆಗೆ 1952ರ ಈ ಘಟನೆಯನ್ನು ಬೆರೆಸಿದ್ದರಿಂದಲೇ ಗೈಡುಗಳಲ್ಲಿ ಗೊಂದಲ ಹುಟ್ಟಿರಬೇಕು ಎಂದು ನನ್ನ ಊಹೆ.

ರಹೀಮ್ ಸಾಹೇಬರ ಕಾಲ

ಸೈಯದ್ ಅಬ್ದುಲ್ ರಹೀಮ್ ಎಂಬ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಭಾರತ ತಂಡದ ತರಬೇತುದಾರರು; ಹೈದರಾಬಾದಿನವರು, ವೃತ್ತಿಯಿಂದ ಶಿಕ್ಷಕರು. 1950ರಿಂದ 1963ರಲ್ಲಿ ತೀರಿಕೊಳ್ಳುವವರೆಗೆ ಭಾರತದ ಫುಟ್‌ಬಾಲಿನ ಬುದ್ಧಿ ಅವರದೇ. ಆಟಗಾರನ ವೈಯಕ್ತಿಕ ಕೈಚಳಕಕ್ಕಿಂತ ಒಂದೇ ಸ್ಪರ್ಶದಲ್ಲಿ ಚೆಂಡು ಸಾಗಿಸುವುದು, ಎರಡೂ ಕಾಲುಗಳಿಂದ ಆಡುವುದು, ಸ್ಥಾನ ಬದಲಿಸಿಕೊಳ್ಳುವುದು ಅವರ ಪಾಠ. ಶಿಕ್ಷಕರೊಬ್ಬರು ಕಟ್ಟಿದ ತಂಡ ಎಂಬುದಕ್ಕೆ, ಓದುತ್ತಿರುವ ನನಗೆ, ವಿಶೇಷ ಅಭಿಮಾನವಿದೆ.

1956ರ ಮೆಲ್ಬರ್ನ್ ಒಲಿಂಪಿಕ್ಸ್. ಹಂಗೆರಿ ಬಾರದ ಕಾರಣ ಭಾರತ ನೇರವಾಗಿ ಮುಂದಿನ ಸುತ್ತಿಗೆ ಹೋಗಿ, ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಅವರ ಹ್ಯಾಟ್ರಿಕ್ ಒಲಿಂಪಿಕ್ಸ್‌ನಲ್ಲಿ ಏಷ್ಯಾದ ಆಟಗಾರನೊಬ್ಬ ಹೊಡೆದ ಮೊದಲ ಹ್ಯಾಟ್ರಿಕ್. ಸೆಮಿಫೈನಲ್‌ನಲ್ಲಿ ಅದೇ ಯುಗೊಸ್ಲಾವಿಯಾ. ನಾಲ್ಕು ವರ್ಷದ ಹಿಂದೆ ಹತ್ತು ಗೋಲು ಹೊಡೆದಿದ್ದ ತಂಡದ ಎದುರು ಮೊದಲ ಗೋಲು ಡಿಸೋಜಾ ಅವರದು! ಆ ಮುನ್ನಡೆ ಬಹಳ ಹೊತ್ತು ಉಳಿಯಲಿಲ್ಲ. 4-1ರಿಂದ ಸೋತು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ 3-0ರಿಂದ ಮಣಿದು, ನಾಲ್ಕನೆಯ ಸ್ಥಾನ ಪಡೆದೆವು. ನಾಯಕ ಸಮರ್ ಬ್ಯಾನರ್ಜಿ. ಆ ತಂಡದಲ್ಲಿ ಕೆಂಪಯ್ಯ ಎಂಬ ಆಟಗಾರರಿದ್ದರು. ಹೆಸರೇ ನಮ್ಮ ನೆಲದ್ದು. ಅವರು 1960ರ ರೋಮ್ ಒಲಿಂಪಿಕ್ಸ್‌ಗೂ ಹೋದರು. ರೋಮ್‌ನಲ್ಲಿ ಹಂಗೆರಿ ಎದುರು 2-1ರ ಸೋಲು, ಫ್ರಾನ್ಸ್ ಜೊತೆ 1-1ರ ಸಮಬಲ, ಪೆರು ಎದುರು 3-1ರ ಸೋಲು. ಫ್ರಾನ್ಸ್ ಎದುರಿನ ಗೋಲು ನಾಯಕ ಪಿ. ಕೆ. ಬ್ಯಾನರ್ಜಿ ಅವರದು. ಪಿ. ಕೆ. ಪೂರ್ವ ರೈಲ್ವೆಯ ಆಟಗಾರ. ಹುಬ್ಬಳ್ಳಿಯ ರೈಲ್ವೆ ಕುಟುಂಬಗಳಿಂದ ಬಂದ ಗೆಳೆಯರು ಈ ಹೆಸರನ್ನು ಮರೆಯಲಾರರು ಎಂದುಕೊಂಡಿದ್ದೇನೆ.

ಈಗ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ 2-0ರಿಂದ ಸೋಲಿಸಿತು. ಥಾಯ್ಲೆಂಡ್ ಎದುರು 4-1ರಿಂದ ಗೆದ್ದೆವು, ಆದರೆ ರಕ್ಷಣೆಯ ಬೆನ್ನೆಲುಬಾಗಿದ್ದ ಜರ್ನೈಲ್ ಸಿಂಗ್ ಅವರ ತಲೆಗೆ ಗಾಯವಾಗಿ ಹೊಲಿಗೆ ಹಾಕಬೇಕಾಯಿತು. ಜಪಾನ್ ಎದುರು 2-0ರ ಗೆಲುವು. ಸೆಮಿಫೈನಲ್‌ಗೆ ರಹೀಮ್ ಅವರು ಯಾರೂ ಎಣಿಸದ ಹೆಜ್ಜೆ ಇಟ್ಟರು: ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಜರ್ನೈಲ್ ಅವರನ್ನು ಮುಂಚೂಣಿಯಲ್ಲಿ ನಿಲ್ಲಿಸಿದರು. ಅವರು ಅಲ್ಲೂ ಗೋಲು ಹೊಡೆದರು, ದಕ್ಷಿಣ ವಿಯೆಟ್ನಾಂ 3-2ರಿಂದ ಸೋತಿತು.

ದಕ್ಷಿಣ ಕೊರಿಯಾ ಎದುರು ಸೆಪ್ಟೆಂಬರ್ 4ರ ಫೈನಲ್‌ಗೆ ತುಂಬಿದ್ದ ಕ್ರೀಡಾಂಗಣ ಭಾರತದ ವಿರುದ್ಧವಿತ್ತು. ಇಸ್ರೇಲ್ ಮತ್ತು ತೈವಾನ್‌ಗಳನ್ನು ಕ್ರೀಡಾಕೂಟದಿಂದ ಹೊರಗಿಟ್ಟದ್ದನ್ನು ಭಾರತದ ಕ್ರೀಡಾಡಳಿತಗಾರ ಜಿ. ಡಿ. ಸೋಂಧಿ ಆಕ್ಷೇಪಿಸಿದ್ದರಿಂದ ಜನ ಸಿಟ್ಟಾಗಿದ್ದರು. ಆ ಗದ್ದಲದ ನಡುವೆಯೇ ಮೊದಲ ಇಪ್ಪತ್ತು ನಿಮಿಷಗಳಲ್ಲಿ ಪಿ. ಕೆ. ಒಂದು, ಜರ್ನೈಲ್ ಒಂದು ಗೋಲು ಹೊಡೆದರು. ಗೋಲ್‌ಕೀಪರ್ ಪೀಟರ್ ತಂಗರಾಜ್ ಬಾಗಿಲು ಕಾದರು. ಕೊರಿಯಾ ಕೊನೆಯಲ್ಲಿ ಒಂದು ಗೋಲು ಹೊಡೆದರೂ ಚುನಿ ಗೋಸ್ವಾಮಿ ನಾಯಕತ್ವದ ತಂಡ 2-1ರಿಂದ ಚಿನ್ನ ಗೆದ್ದಿತು. ಒಂಬತ್ತು ದಿನಗಳ ಹಿಂದೆ ಸೋಲಿಸಿದವರನ್ನೇ ಸೋಲಿಸಿದ್ದು ಇದು. ರಹೀಮ್ ಅವರು ಮರುವರ್ಷ ಕ್ಯಾನ್ಸರ್‌ನಿಂದ ತೀರಿಕೊಂಡರು. ಈ ಭಾಗವನ್ನು ಹೇಳಿಕೊಡುವಾಗ ನನ್ನ ದನಿ ಕಟ್ಟಿತ್ತು. ಆ ಚಿನ್ನದ ನಂತರ ಇಂದಿನವರೆಗೆ ಏಷ್ಯನ್ ಕ್ರೀಡಾಕೂಟದ ಪುರುಷರ ಫುಟ್‌ಬಾಲಿನಲ್ಲಿ ನಮಗೆ ಮತ್ತೊಂದು ಚಿನ್ನ ಬಂದಿಲ್ಲ.

ಪರೀಕ್ಷೆಯಲ್ಲಿ ಎಡವುವ ಜಾಗ: 1964ರ ಏಷ್ಯಾ ಕಪ್ಪಿನಲ್ಲಿ ಭಾರತ ಎರಡನೆಯ ಸ್ಥಾನ ಪಡೆಯಿತು, ಆದರೆ ‘ಫೈನಲ್‌ನಲ್ಲಿ ಸೋತಿತು’ ಎಂದು ಬರೆಯಬೇಡಿ. ಇಸ್ರೇಲ್‌ನಲ್ಲಿ ನಡೆದ ಆ ಪಂದ್ಯಾವಳಿ ನಾಲ್ಕು ತಂಡಗಳ ಲೀಗ್, ಫೈನಲ್ ಇರಲೇ ಇಲ್ಲ. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ನಯೀಮುದ್ದೀನ್ ನಾಯಕತ್ವದಲ್ಲಿ ಜಪಾನ್ ಅನ್ನು 1-0ರಿಂದ ಸೋಲಿಸಿ ಕಂಚು.

ಹಿಂದೆ ಉಳಿದದ್ದು ಹೇಗೆ?

‘ರಹೀಮ್ ಹೋದರು, ಎಲ್ಲವೂ ಮುಗಿಯಿತು’ ಎಂಬ ವಿವರಣೆ ನನಗೆ ಸಾಲದು. ಪಕ್ಕದವರು ಏನು ಮಾಡುತ್ತಿದ್ದರು ಎಂದೂ ನೋಡಬೇಕು. ಜಪಾನ್ 1960ರಲ್ಲೇ ಜರ್ಮನಿಯ ಡೆಟ್ಮಾರ್ ಕ್ರಾಮರ್ ಅವರನ್ನು ಕರೆಸಿಕೊಂಡು ತರಬೇತಿಯನ್ನು ಬುಡದಿಂದ ಕಟ್ಟಿತು. ಜಕಾರ್ತಾದಲ್ಲಿ ನಮಗೆ ಸೋತ ಆರು ವರ್ಷಕ್ಕೆ, 1968ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿತು. ಉತ್ತರ ಕೊರಿಯಾ 1966ರ ವಿಶ್ವಕಪ್ಪಿನಲ್ಲಿ ಇಟಲಿಯನ್ನೇ ಮನೆಗೆ ಕಳಿಸಿತು. ದಕ್ಷಿಣ ಕೊರಿಯಾದಲ್ಲಿ ವೃತ್ತಿಪರ ಲೀಗ್ 1983ರಲ್ಲಿ, ಜಪಾನ್‌ನಲ್ಲಿ 1993ರಲ್ಲಿ ಶುರುವಾಯಿತು. ನಮ್ಮ ರಾಷ್ಟ್ರೀಯ ಲೀಗ್ ಬಂದದ್ದು 1996ರಲ್ಲಿ. ಒಲಿಂಪಿಕ್ಸನ್ನೇ ತುದಿಯೆಂದು ನಂಬಿದ್ದ ನಮಗೆ 1960ರ ನಂತರ ಒಲಿಂಪಿಕ್ಸ್ ಕೂಡ ದಕ್ಕಲಿಲ್ಲ. ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಭಾರತ ಮೊದಲ ಬಾರಿ ಮೈದಾನಕ್ಕಿಳಿದದ್ದು 1985ರಲ್ಲಿ. ಅವಕಾಶ ಕೈಬಿಟ್ಟು ಮೂವತ್ತೈದು ವರ್ಷವಾಗಿತ್ತು.

ಉಳಿದದ್ದನ್ನು ವೇಗವಾಗಿ ನೋಡೋಣ. 1984ರಲ್ಲಿ ಏಷ್ಯಾ ಕಪ್ಪಿಗೆ ಅರ್ಹತೆ ಸಿಕ್ಕಿತು, ನಂತರ ಸಿಕ್ಕಿದ್ದು 2011ಕ್ಕೆ. ಆ ಅರ್ಹತೆ ಬಂದದ್ದು ಏಷ್ಯಾ ಒಕ್ಕೂಟದ 2008ರ ಚಾಲೆಂಜ್ ಕಪ್ ಫೈನಲ್‌ನಲ್ಲಿ ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದು ತಜಿಕಿಸ್ತಾನವನ್ನು 4-1ರಿಂದ ಸೋಲಿಸಿದ್ದರಿಂದ. 2001ರಲ್ಲಿ ಬೆಂಗಳೂರಿನಲ್ಲಿ ಯುಎಇಯನ್ನು 1-0ರಿಂದ ಸೋಲಿಸಿದ್ದು, 2019ರಲ್ಲಿ ದೋಹಾದಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಜೊತೆ 0-0 ಸಾಧಿಸಿದ್ದು ವಿಶ್ವಕಪ್ ಅರ್ಹತೆಯ ಹಾದಿಯಲ್ಲಿ ನೆನಪಿಡಬೇಕಾದ ಪಂದ್ಯಗಳು. 2023ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್ ಅನ್ನು ಪೆನಾಲ್ಟಿಯಲ್ಲಿ ಸೋಲಿಸಿ ಗೆದ್ದದ್ದು ಒಂಬತ್ತನೆಯ ಸ್ಯಾಫ್ (ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್) ಪ್ರಶಸ್ತಿ. 2023ರ ಏಷ್ಯಾ ಕಪ್ ಎಂದು ಹೆಸರಿದ್ದರೂ ನಡೆದದ್ದು 2024ರ ಜನವರಿಯಲ್ಲಿ. ಅಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಎದುರು ಮೂರೂ ಪಂದ್ಯ ಸೋತೆವು, ಒಂದು ಗೋಲೂ ಬರಲಿಲ್ಲ.

94 ಎಂಬ ಅಂಕಿ ಎರಡು ಕಡೆ ಬರುತ್ತದೆ, ಬೆರೆಸಬೇಡಿ. ಫಿಫಾ ಪಟ್ಟಿಯಲ್ಲಿ ಭಾರತ ಏರಿದ ಅತ್ಯುತ್ತಮ ಸ್ಥಾನ 94, ಅದು 1996ರ ಫೆಬ್ರವರಿಯಲ್ಲಿ. 2024ರ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ನಿವೃತ್ತಿ ಪಂದ್ಯ ಆಡಿದಾಗ ಛೆಟ್ರಿ ಅವರ ಅಂತರರಾಷ್ಟ್ರೀಯ ಗೋಲುಗಳು 94. ಮರುವರ್ಷ ಅವರು ತಂಡಕ್ಕೆ ಮರಳಿ ಮತ್ತೆ ಗೋಲು ಹೊಡೆದರು.

ಮಹಿಳಾ ತಂಡಕ್ಕೆ ಬೇರೆ ಪುಟ ಇಟ್ಟುಕೊಳ್ಳಿ, ಗೈಡುಗಳು ಅದನ್ನು ಒಂದು ಸಾಲಿಗೆ ಮುಗಿಸುತ್ತವೆ. 2025ರ ಜುಲೈನಲ್ಲಿ ಥಾಯ್ಲೆಂಡ್ ನೆಲದಲ್ಲೇ ಥಾಯ್ಲೆಂಡ್ ತಂಡವನ್ನು 2-1ರಿಂದ ಸೋಲಿಸಿ ಅವರು 2026ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದರು. ಎರಡೂ ಗೋಲು ಸಂಗೀತಾ ಬಸ್ಫೋರ್ ಅವರದು. ಅರ್ಹತಾ ಸುತ್ತು ಆಡಿ ಗೆದ್ದು ಅಲ್ಲಿಗೆ ಹೋದದ್ದು ಅದೇ ಮೊದಲು. ಆಸ್ಟ್ರೇಲಿಯಾಕ್ಕೆ ನಿಗದಿಯಾಗಿದ್ದ ಆ ಏಷ್ಯಾ ಕಪ್ಪೇ 2027ರ ವಿಶ್ವಕಪ್ಪಿಗೆ ಏಷ್ಯಾದ ತಂಡಗಳ ದಾರಿ ಕೂಡ.