ಸ್ವಲ್ಪ ಹೊತ್ತು ಸಿಕ್ಕು ಹೋದವರು: ನಮ್ಮ ಬೈಬಲ್ ಅಧ್ಯಯನ ಗುಂಪಿಗೆ ಟಿಪ್ಪಣಿ

ಈ ಸಲದ ಪಾಠ ದಮಾಸ್ಕಸ್ಸಿನ ಅನನೀಯನ ಬಗ್ಗೆ. ಬೈಬಲಿನ 'ಪ್ರೇಷಿತರ ಕಾರ್ಯಕಲಾಪಗಳು' ಪುಸ್ತಕ, 9ನೇ ಅಧ್ಯಾಯ, 10ರಿಂದ 19ನೇ ವಚನ. ಓದಲು ಐದು ನಿಮಿಷ ಸಾಕು. ಆದರೆ ಇಷ್ಟು ಚಿಕ್ಕ ಭಾಗದಲ್ಲಿ ಒಂದು ದೊಡ್ಡ ಪ್ರಶ್ನೆ ಇದೆ. ಯಾರೋ ಒಬ್ಬರು ನಮ್ಮ ಬಾಳಿನಲ್ಲಿ ಒಂದು ಗಳಿಗೆ ಬಂದು ಹೋಗುತ್ತಾರೆ, ಮತ್ತೆ ಸಿಗುವುದಿಲ್ಲ. ಆದರೂ ಅವರು ಮಾಡಿದ್ದು ಕೊನೆತನಕ ಉಳಿಯುತ್ತದೆ. ಇದು ಹೇಗೆ? ದೇವರ ಕೃಪೆ ಅಂದರೆ ಉತ್ತರ ಸರಿಯೇ. ಆ ಕೃಪೆ ಯಾವ ದಾರಿಯಲ್ಲಿ ಬಂತು ಅಂತಲೂ ನೋಡೋಣ, ಅಲ್ವಾ?

ಅನನೀಯ ಮಾಡಿದ್ದು

ಕಥೆ ನಿಮಗೆ ಗೊತ್ತು. ಸೌಲ ಯೇಸುವಿನ ಹಿಂಬಾಲಕರನ್ನು ಹಿಡಿದು ತರಲು ದಮಾಸ್ಕಸ್ಸಿಗೆ ಹೊರಟವನು. ದಾರಿಯಲ್ಲಿ ಬೆಳಕು ಕಂಡು ನೆಲಕ್ಕೆ ಬಿದ್ದ, ಕಣ್ಣು ಕಾಣದಾಯಿತು. ಮೂರು ದಿನ ಅನ್ನ ನೀರು ಮುಟ್ಟದೆ ಯೂದ ಎಂಬವನ ಮನೆಯಲ್ಲಿ ಕೂತಿದ್ದ. ಅವನ ಹತ್ತಿರ ಹೋಗು ಎಂದು ಪ್ರಭು ಅನನೀಯನಿಗೆ ಹೇಳುತ್ತಾರೆ. ಅನನೀಯ ಕೂಡಲೇ ಒಪ್ಪುವುದಿಲ್ಲ. ಈ ಮನುಷ್ಯ ಜೆರುಸಲೇಮಿನಲ್ಲಿ ನಿಮ್ಮ ಜನಕ್ಕೆ ಎಷ್ಟು ಕೇಡು ಮಾಡಿದ್ದಾನೆಂದು ಕೇಳಿದ್ದೇನೆ, ಇಲ್ಲಿಯೂ ಬಂಧಿಸಲು ಅಧಿಕಾರ ಪಡೆದು ಬಂದಿದ್ದಾನೆ ಎನ್ನುತ್ತಾನೆ. ಆ ಹೆದರಿಕೆಗೆ ಕಾರಣವೂ ಇತ್ತು. ಆಮೇಲೆ ಹೋಗುತ್ತಾನೆ. ಸೌಲನ ಮೇಲೆ ಕೈಯಿಡುತ್ತಾನೆ. ಸಹೋದರ ಸೌಲ ಎಂದು ಕರೆಯುತ್ತಾನೆ.

ಇಲ್ಲಿ ವಚನಗಳ ಕ್ರಮ ಗಮನಿಸಿ. ಸಹೋದರ ಎಂದು ಕರೆದದ್ದು 17ನೇ ವಚನದಲ್ಲಿ. ಸೌಲ ದೀಕ್ಷಾಸ್ನಾನ ಪಡೆದದ್ದು 18ರಲ್ಲಿ. ಅಂದರೆ ಸೌಲ ಇನ್ನೂ ಸಭೆಗೆ ಸೇರುವ ಮೊದಲೇ, ನಿನ್ನೆ ಮೊನ್ನೆಯವರೆಗೆ ವೈರಿಯಾಗಿದ್ದವನನ್ನು, ಅನನೀಯ ತಮ್ಮವನೆಂದು ಕರೆದುಬಿಟ್ಟ. ನನಗೆ ಇಡೀ ಭಾಗದಲ್ಲಿ ಇದಕ್ಕಿಂತ ದೊಡ್ಡ ಕೆಲಸ ಕಾಣುವುದಿಲ್ಲ.

ಇದಾದ ಮೇಲೆ ಅನನೀಯ ಆ ಪುಸ್ತಕದ ಕಥೆಯೊಳಗೆ ಮತ್ತೆ ಬರುವುದಿಲ್ಲ. ಪೌಲರ, ಅಂದರೆ ಮುಂದೆ ಆ ಹೆಸರು ಪಡೆದ ಇದೇ ಸೌಲರ, ಮಾತಿನಲ್ಲಿ ಮಾತ್ರ ಬರುತ್ತಾನೆ. 22ನೇ ಅಧ್ಯಾಯ ತೆಗೆದು ಪಕ್ಕದಲ್ಲಿಟ್ಟು ಓದಿ. ವರ್ಷಗಳು ಕಳೆದಿವೆ. ಜೆರುಸಲೇಮಿನಲ್ಲಿ ಜನ ಪೌಲರನ್ನು ಹೊಡೆದು ಕೊಲ್ಲಲು ನೋಡಿದ್ದಾರೆ. ಸೈನಿಕರು ಎಳೆದುಕೊಂಡು ಹೋಗುವಾಗ ಅವರು ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಾರೆ. ಅಂಥ ಹೊತ್ತಿನಲ್ಲೂ ಅನನೀಯನ ಹೆಸರು ಹೇಳುತ್ತಾರೆ. ಅವನು ಧರ್ಮಶಾಸ್ತ್ರದಂತೆ ನಡೆಯುವವನು, ಅಲ್ಲಿನ ಯೆಹೂದ್ಯರೆಲ್ಲ ಮೆಚ್ಚಿದವನು ಎನ್ನುತ್ತಾರೆ. ಸಹೋದರ ಎಂದು ಕರೆದದ್ದನ್ನೂ ಬಿಡುವುದಿಲ್ಲ.

26ನೇ ಅಧ್ಯಾಯದಲ್ಲಿ ಅಗ್ರಿಪ್ಪ ರಾಜನ ಮುಂದೆ ಅದೇ ಕಥೆ ಮೂರನೇ ಸಲ ಬರುತ್ತದೆ. ಅಲ್ಲಿ ಅನನೀಯನೇ ಇಲ್ಲ! ಇದು ವಿರೋಧ ಅಲ್ವಾ ಎಂದು ಕಲಿಯುವವರು ಕೇಳುತ್ತಾರೆ. ಪೌಲರ ಮಾತನ್ನು ಆಲಿಸುತ್ತಿದ್ದವರು ಯಾರು ಎಂದು ನೋಡಿದರೆ ಗೊಂದಲ ಕಡಿಮೆಯಾಗುತ್ತದೆ. 22ರಲ್ಲಿ ಎದುರಿಗಿದ್ದವರು ಯೆಹೂದ್ಯ ಜನ. ಅವರಿಗೆ ಧರ್ಮಶಾಸ್ತ್ರ ಪಾಲಿಸುವ ಒಬ್ಬ ಮನುಷ್ಯನ ಸಾಕ್ಷಿ ಬೇಕಿತ್ತು. 26ರಲ್ಲಿ ಕೇಳುವವರು ರಾಜ ಮತ್ತು ರೋಮ್‌ನ ರಾಜ್ಯಪಾಲ. ಅಲ್ಲಿ ಪೌಲರು ತಮಗೆ ಸಿಕ್ಕ ಕರೆಯ ಬಗ್ಗೆಯೇ ಜಾಸ್ತಿ ಹೇಳುತ್ತಾರೆ.

ಆಗಸ್ಟಿನರ ಮನೆಗೆ ಬಂದ ಪೊಂಟಿಸಿಯಾನಸ್

ಅನನೀಯನಿಗಾದರೂ ದರ್ಶನವಾಗಿತ್ತು. ಏನು ಮಾಡಬೇಕೆಂದು ಪ್ರಭುವೇ ಹೇಳಿದ್ದರು. ಈಗ ಹೇಳುವ ಮನುಷ್ಯನಿಗೆ ಅದೂ ಇರಲಿಲ್ಲ. ಅದಕ್ಕೇ ನನಗೆ ಇವನ ಮೇಲೆ ಪ್ರೀತಿ ಜಾಸ್ತಿ.

ವರ್ಷ 386, ಊರು ಇಟಲಿಯ ಮಿಲಾನ್. ಸಂತ ಆಗಸ್ಟಿನ್ ಆಗಿನ್ನೂ ಸಂತರೂ ಅಲ್ಲ, ಕ್ರೈಸ್ತರೂ ಅಲ್ಲ. ವಾಕ್ಚಾತುರ್ಯ ಕಲಿಸುವ ಮೇಷ್ಟ್ರು. ತಾಯಿ ಮೋನಿಕಾ ಮಗನಿಗಾಗಿ ವರ್ಷಗಟ್ಟಲೆ ಕಣ್ಣೀರಿಟ್ಟು ಪ್ರಾರ್ಥಿಸಿದ್ದಾರೆ. ಬಿಷಪ್ ಅಂಬ್ರೋಸರ ಪ್ರಬೋಧನೆಗಳನ್ನು ಆಗಸ್ಟಿನ್ ಕೇಳಿದ್ದಾರೆ. ಬುದ್ಧಿ ಒಪ್ಪಿಯಾಗಿದೆ, ಮನಸ್ಸು ಮಾತ್ರ ಹೊಸ್ತಿಲು ದಾಟುತ್ತಿಲ್ಲ. ಒಂದು ದಿನ ಪೊಂಟಿಸಿಯಾನಸ್ ಎಂಬವನು ಮನೆಗೆ ಬರುತ್ತಾನೆ. ಆಗಸ್ಟಿನರ ಹಾಗೆ ಅವನೂ ಆಫ್ರಿಕಾದವನು, ಅರಮನೆಯಲ್ಲಿ ದೊಡ್ಡ ಹುದ್ದೆ. ದೀಕ್ಷಾಸ್ನಾನ ಪಡೆದವನು, ಚರ್ಚಿನಲ್ಲಿ ದೀರ್ಘ ಹೊತ್ತು ಪ್ರಾರ್ಥಿಸುವವನು.

ಈ ಭೇಟಿಯನ್ನು ಆಗಸ್ಟಿನ್ ತಮ್ಮ 'ಕನ್ಫೆಷನ್ಸ್' ಪುಸ್ತಕದ 8ನೇ ಭಾಗದಲ್ಲಿ ಬರೆದಿದ್ದಾರೆ. ಬರೆದದ್ದು ಘಟನೆ ನಡೆದು ಹತ್ತು ವರ್ಷ ದಾಟಿದ ಮೇಲೆ. ಅವನು ಯಾವ ಕೆಲಸಕ್ಕೆ ಬಂದಿದ್ದ ಎನ್ನುವುದು ಅವರಿಗೆ ಮರೆತುಹೋಗಿದೆ. ಆದರೆ ಅವನ ಕಣ್ಣು ಎಲ್ಲಿ ಬಿತ್ತು ಎನ್ನುವುದು ಚೆನ್ನಾಗಿ ನೆನಪಿದೆ. ಆಟದ ಮೇಜಿನ ಮೇಲೆ ಒಂದು ಪುಸ್ತಕ ಇತ್ತು. ಪಾಠದ ಪುಸ್ತಕ ಇರಬೇಕೆಂದುಕೊಂಡು ಪೊಂಟಿಸಿಯಾನಸ್ ತೆರೆದು ನೋಡಿದ. ನೋಡಿದರೆ ಪೌಲರ ಪತ್ರಗಳು! ಅವನಿಗೆ ಆಶ್ಚರ್ಯ, ಸಂತೋಷ. ಮಾತು ಅಲ್ಲಿಂದ ಶುರುವಾಯಿತು.

ಅವನು ಅಂತೋಣಿಯವರ ಕಥೆ ಹೇಳಿದ. ನಾವು ಮಂಗಳವಾರ ನೊವೇನ ಮಾಡುವ ಪಾದುವಾದ ಅಂತೋಣಿಯವರಲ್ಲ. ಇವರು ಅವರಿಗಿಂತ ಎಷ್ಟೋ ಶತಮಾನ ಹಿಂದಿನವರು, ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದವರು. 356ರಲ್ಲಿ ತೀರಿಕೊಂಡವರು. ಆಗಸ್ಟಿನ್ ಹುಟ್ಟಿದ್ದು 354ರಲ್ಲಿ. ಇಷ್ಟು ಹತ್ತಿರದ ಕಾಲದವರ ಹೆಸರನ್ನೇ ಆಗಸ್ಟಿನ್ ಮತ್ತು ಅವರ ಗೆಳೆಯ ಅಲಿಪಿಯಸ್ ಅದುವರೆಗೆ ಕೇಳಿರಲಿಲ್ಲ. ಮಿಲಾನ್ ಗೋಡೆಯ ಹೊರಗೇ, ಅಂಬ್ರೋಸರ ಆರೈಕೆಯಲ್ಲಿ, ಒಂದು ಮಠ ಇತ್ತು. ಅದೂ ಗೊತ್ತಿರಲಿಲ್ಲ. ತಾವಿದ್ದ ಊರಿನ ಸುದ್ದಿಯನ್ನು ಬೇರೆಯವನು ಬಂದು ಹೇಳಬೇಕಾಯಿತು.

ಆಮೇಲೆ ಪೊಂಟಿಸಿಯಾನಸ್ ತಾನು ಕಂಡದ್ದನ್ನು ಹೇಳಿದ. ಟ್ರಿಯರ್ ಪಟ್ಟಣದಲ್ಲಿ ಅವನ ಇಬ್ಬರು ಸಹೋದ್ಯೋಗಿಗಳು ಒಂದು ಗುಡಿಸಲಿಗೆ ಹೋದರು. ಅಲ್ಲಿದ್ದ ಅಂತೋಣಿಯವರ ಜೀವನ ಚರಿತ್ರೆ ಓದಿದರು. ಅಷ್ಟಕ್ಕೇ ಸರ್ಕಾರಿ ಕೆಲಸ ಬಿಟ್ಟು ದೇವರ ಸೇವೆಗೆ ಅಲ್ಲೇ ನಿಂತುಬಿಟ್ಟರು. ಇಷ್ಟು ಹೇಳಿ, ಬಂದ ಕೆಲಸ ಮುಗಿಸಿ, ಪೊಂಟಿಸಿಯಾನಸ್ ಹೊರಟುಹೋದ.

ಅದೇ ದಿನ ತೋಟದಲ್ಲಿ ಆಗಸ್ಟಿನ್ ಅತ್ತರು, 'ತೆಗೆದುಕೊಂಡು ಓದು' ಎಂಬ ಮಗುವಿನ ದನಿ ಕೇಳಿದರು, ಪೌಲರು ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯ ತೆರೆದರು. ಈ ಭಾಗ ಎಲ್ಲರಿಗೂ ಗೊತ್ತು. ಮರುವರ್ಷ 387ರ ಪಾಸ್ಕ (ಈಸ್ಟರ್) ಹಬ್ಬದಲ್ಲಿ ಅಂಬ್ರೋಸರಿಂದ ದೀಕ್ಷಾಸ್ನಾನವಾಯಿತು. ತೋಟದ ಕಥೆ ಹೇಳುವವರು ಪೊಂಟಿಸಿಯಾನಸ್‌ನನ್ನು ಬಿಟ್ಟುಬಿಡುತ್ತಾರೆ. ದಯವಿಟ್ಟು ನೀವು ಬಿಡಬೇಡಿ. ಅವನು ಬಾರದೆ ಇದ್ದರೆ ಆ ದಿನ ಆಗಸ್ಟಿನ್ ತೋಟಕ್ಕೆ ಹೋಗುವ ಕಾರಣವೇ ಇರಲಿಲ್ಲ.

ಹಾಗಂತ ಎಲ್ಲವನ್ನೂ ಅವನೊಬ್ಬನೇ ಮಾಡಿದ ಎನ್ನಲಾಗುವುದಿಲ್ಲ. ಮೋನಿಕಾ ಅವರ ಪ್ರಾರ್ಥನೆ, ಅಂಬ್ರೋಸರ ಮಾತು, ಮೇಜಿನ ಮೇಲೆ ಮೊದಲೇ ಇದ್ದ ಪೌಲರ ಪತ್ರಗಳು, ಇವೆಲ್ಲ ನೆಲ ಹದ ಮಾಡಿದ್ದವು. ಅವನು ಸರಿಯಾದ ಹೊತ್ತಿಗೆ ಬಂದು ಬೀಜ ಹಾಕಿದ. ಸ್ವಲ್ಪ ಹೊತ್ತು ಸಿಕ್ಕವರ ಪ್ರಭಾವದ ಬಗ್ಗೆ ಮಾತಾಡುವಾಗ ಬಹುಕಾಲ ಜೊತೆಗಿದ್ದವರನ್ನು ಮರೆತರೆ ಅನ್ಯಾಯ.

ಹೊರಗಿನವರಿಂದಲೇ ಯಾಕೆ?

ಇದಕ್ಕೆ ಸಮಾಜಶಾಸ್ತ್ರದಲ್ಲಿ ಒಂದು ಉಪಯೋಗದ ಉತ್ತರ ಇದೆ. ಅಮೆರಿಕದ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಲೇಖನ ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕ 54 ಜನರನ್ನು ಅವರು ಮಾತಾಡಿಸಿದ್ದರು. ಕೆಲಸದ ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ಕಾಣುತ್ತಿದ್ದಿರಿ ಎಂದು ಕೇಳಿದರು. ವಾರಕ್ಕೆ ಎರಡು ಸಲವಾದರೂ ಕಾಣುತ್ತಿದ್ದೆವು ಎಂದವರು ಶೇ 16.7. ಆಗೊಮ್ಮೆ ಈಗೊಮ್ಮೆ ಎಂದವರು ಶೇ 55.6. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಎಂದವರು ಶೇ 27.8.

ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಮಗೂ ಗೊತ್ತಿರುತ್ತದೆ. ಹೊಸದು ಬರುವುದು ಬೇರೆ ಬಳಗದಲ್ಲಿ ಓಡಾಡುವವರಿಂದ. ಅದು ಕೆಲಸ ಹುಡುಕುವವರ ಬಗ್ಗೆ ಮಾಡಿದ ಚಿಕ್ಕ ಅಧ್ಯಯನ, ನಂಬಿಕೆಯನ್ನು ಅದರಿಂದ ಅಳೆಯಲಾಗುವುದಿಲ್ಲ. ಆದರೆ ಪೊಂಟಿಸಿಯಾನಸ್ ತಂದ ಸುದ್ದಿ ಆಗಸ್ಟಿನರ ಬಳಗದಲ್ಲಿ ಯಾಕೆ ಇರಲಿಲ್ಲ ಎನ್ನುವುದು ಇದರಿಂದ ಅರ್ಥವಾಗುತ್ತದೆ.

ನಮ್ಮ ಕಾರವಾರದಲ್ಲಿ ಇದು ಕಣ್ಣೆದುರಿಗೇ ಇದೆ. ನಮ್ಮ ಧರ್ಮಪ್ರಾಂತ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಆದದ್ದು 1976ರಲ್ಲಿ. ಕರಾವಳಿಯ ಕೊಂಕಣಿ ಮನೆಗಳು, ಹಳಿಯಾಳ ಕಡೆಯ ಸಿದ್ದಿ ಮನೆಗಳು, ಎಲ್ಲರೂ ಇದರೊಳಗೆ ಇದ್ದೇವೆ. ಇದರ ಜೊತೆಗೆ ಬಂದು ಹೋಗುವವರು. 2000ದಲ್ಲಿ ಕೈಗಾ ಅಣುಸ್ಥಾವರದಲ್ಲಿ ವಾಣಿಜ್ಯ ಮಟ್ಟದ ವಿದ್ಯುತ್ ಉತ್ಪಾದನೆ ಶುರುವಾಯಿತು, 2005ರಲ್ಲಿ ನೌಕಾನೆಲೆ ಕಾರ್ಯಾರಂಭ ಮಾಡಿತು. ಅಲ್ಲಿಗೆ ಕೆಲಸಕ್ಕೆ ಬಂದವರಲ್ಲಿ ಕೇರಳದವರಿದ್ದಾರೆ, ತಮಿಳುನಾಡಿನವರಿದ್ದಾರೆ, ಮೈಸೂರು ಕಡೆಯವರೂ ಇದ್ದಾರೆ. ಈ ಭಾನುವಾರ ಪಕ್ಕದ ಬೆಂಚಿನಲ್ಲಿದ್ದವರು ಮುಂದಿನ ವರ್ಷ ವಿಶಾಖಪಟ್ಟಣದಲ್ಲಿ ಇರಬಹುದು. ಹೇಗೂ ಹೋಗುವವರು ಅಂತ ನಾವು ಅವರನ್ನು ಮಾತಾಡಿಸುವುದು ಕಡಿಮೆ. ನನ್ನ ಪ್ರಕಾರ ಹೋಗುವವರು ಅನ್ನುವುದೇ ಅವರನ್ನು ಇವತ್ತೇ ಮಾತಾಡಿಸಲು ಕಾರಣ.

ನನಗೆ ಸಿಕ್ಕವರು

ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲ. ಕನ್ನಡ ಪೂಜೆಯಲ್ಲಿ ಮೊದಲನೇ ವಾಚನ ಓದಲು ಫಾದರ್ ನನಗೆ ಹೇಳಿದ್ದರು. ಅದೇ ಮೊದಲ ಸಲ. ಜುಲೈ ತಿಂಗಳ ಮಳೆ, ಕರೆಂಟು ಹೋಗಿತ್ತು. ಪೂಜೆಗೆ ಮುಂಚೆ ಇಗರ್ಜಿಯ ಜಗಲಿಯಲ್ಲಿ ಹಾಳೆ ಹಿಡಿದು ಓದಿಕೊಳ್ಳುತ್ತಿದ್ದೆ. ಒಬ್ಬ ಆಂಟಿ ಕೊಡೆ ಮಡಚಿ ಪಕ್ಕದಲ್ಲಿ ನಿಂತರು. ಮೈಸೂರು ಕಡೆಯವರು. ಗಂಡ ಕೈಗಾದಲ್ಲಿ, ವರ್ಗ ಆಗಿತ್ತು, ಸಾಮಾನು ಕಟ್ಟುತ್ತಿದ್ದರು.

"ಇವತ್ತು ನೀನಾ ಓದೋದು? ಒಳಗೆ ಬಾ, ನಂಗೊಂದ್ಸಲ ಓದಿ ತೋರ್ಸು" ಎಂದರು. ತಾವು ಹೋಗಿ ಕೊನೆ ಬೆಂಚಿನಲ್ಲಿ ಕೂತರು. ನಾನು ಮುಂದೆ ನಿಂತು ಓದಿದೆ. ಹೆಂಚಿನ ಮೇಲೆ ಮಳೆ ಸದ್ದು.

"ನೋಡಮ್ಮ, ಗಟ್ಟಿಯಾಗಿ ಓದೋದು ಆಮೇಲೆ. ಮೊದ್ಲು ವಾಕ್ಯದ ಕೊನೆ ಪದ ಪೂರ್ತಿ ಹೇಳು. ನಮ್ಮ ಕನ್ನಡದಲ್ಲಿ ವಿಷಯ ಎಲ್ಲ ಕೊನೇಲಿ ಇರುತ್ತೆ. ಪ್ರಭು 'ಭಯಪಡಬೇಡ' ಅಂದಿದಾರೆ. ಆ 'ಬೇಡ' ಅನ್ನೋದು ಈ ಬೆಂಚಿಗೆ ತಲುಪದೆ ಇದ್ರೆ, ಇಲ್ಲಿ ಕೂತಿರೋ ಅಜ್ಜಿ ಏನು ತಗೊಂಡು ಮನೆಗೆ ಹೋಗ್ತಾರೆ ಹೇಳು?"

ಇನ್ನೊಂದು ಮಾತೂ ಹೇಳಿದರು. ಓದಿ ಮುಗಿಸಿದ ಕೂಡಲೇ ತಿರುಗಿ ಓಡಬಾರದು, ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಅಲ್ಲೇ ನಿಲ್ಲಬೇಕು, ಕೇಳಿದವರಿಗೂ ಸಮಯ ಬೇಕು ಎಂದರು. ಪೂಜೆ ಆದ ಮೇಲೆ ದೂರದಿಂದಲೇ ತಲೆಯಾಡಿಸಿ ನಕ್ಕರು. ಜನರ ಗುಂಪಿನಲ್ಲಿ ಹೊರಟುಹೋದರು. ಹೆಸರು ಕೇಳಿಕೊಳ್ಳುವಷ್ಟು ಹೊತ್ತೂ ಇರಲಿಲ್ಲ.

ಇವತ್ತಿಗೂ ನಾನು ಓದುವುದು ಅವರು ಹೇಳಿದ ಹಾಗೆಯೇ. ಧರ್ಮೋಪದೇಶ ತರಗತಿಯ ಮಕ್ಕಳಿಗೆ ವಾಚನ ಕಲಿಸುವಾಗ ನಾನೂ ಕೊನೆ ಬೆಂಚಿನಲ್ಲಿ ಕೂತೇ ಕೇಳುತ್ತೇನೆ. ಕಿರಿಯವರಲ್ಲಿ ಕೆಲವರು ಈಗ ತಮ್ಮ ತಮ್ಮಂದಿರಿಗೆ ಹಾಗೇ ಕಲಿಸುತ್ತಿದ್ದಾರೆ. ಆ ಆಂಟಿಗೆ ಇದು ಯಾವುದೂ ಗೊತ್ತಿಲ್ಲ. ಗೊತ್ತಾಗಲಿ ಎಂದು ನನಗೆ ತುಂಬಾ ಆಸೆ.

ಓದಿದವರ ಹೆಸರು

ಈಗ ಅಂತೋಣಿಯವರ ಕಥೆಯನ್ನು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ನೋಡೋಣ. ಅವರು ಮರುಭೂಮಿಗೆ ಹೋದದ್ದು ಯಾಕೆ? ಅವರ ಚರಿತ್ರೆ ಬರೆದ ಸಂತ ಅಥನಾಸಿಯಸ್ ಹೇಳುವುದು ಇಷ್ಟು. ತಂದೆತಾಯಿ ತೀರಿಕೊಂಡ ಮೇಲೆ ಯುವಕ ಅಂತೋಣಿ ಒಂದು ದಿನ ಚರ್ಚಿಗೆ ಹೋದರು. ಅಲ್ಲಿ ಶುಭಸಂದೇಶ ಓದುತ್ತಿದ್ದರು, ಮತ್ತಾಯ 19:21. ನಿನ್ನಲ್ಲಿ ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂದು ಯೇಸು ಹೇಳುವ ವಚನ. ಅದು ತನಗೇ ಹೇಳಿದ್ದು ಎಂದು ಅವರಿಗೆ ಅನಿಸಿತು. ಹೋಗಿ ಹೊಲಗಳನ್ನು ಬಿಟ್ಟುಕೊಟ್ಟರು.

ಆ ದಿನ ಓದಿದವರು ಯಾರು? ಹೆಸರಿಲ್ಲ. ಆ ದನಿ ಅಂತೋಣಿಯವರಿಗೆ ತಲುಪಿತು, ಅಂತೋಣಿಯವರ ಕಥೆ ಟ್ರಿಯರ್‌ನ ಇಬ್ಬರಿಗೆ, ಅವರ ಕಥೆ ಪೊಂಟಿಸಿಯಾನಸ್ ಮೂಲಕ ಆಗಸ್ಟಿನರಿಗೆ. ಪ್ರತಿ ಹಂತದಲ್ಲೂ ಯಾರೋ ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಿದ್ದಾರೆ. ಪ್ರಭಾವ ಉಳಿಯುವುದು ಹೀಗೆಯೇ ಎಂದು ನನಗೆ ಅನಿಸುತ್ತದೆ. ಪಡೆದವರು ಹೇಳುತ್ತಾ ಹೋಗಬೇಕು. ಪೌಲರು ಮೆಟ್ಟಿಲ ಮೇಲೆ ನಿಂತು ಮಾಡಿದ್ದೂ ಇದೇ ಕೆಲಸ.

ಇಂಥದ್ದೇ ಇನ್ನೊಂದು ಕಥೆ ಪ್ರೊಟೆಸ್ಟೆಂಟ್ ಸಭೆಯವರದು, ಚಿಕ್ಕದಾಗಿ ಹೇಳುತ್ತೇನೆ. 1850ರ ಜನವರಿ 6, ಇಂಗ್ಲೆಂಡಿನ ಕೋಲ್ಚೆಸ್ಟರ್. ಹಿಮಬಿರುಗಾಳಿಯಿಂದಾಗಿ 15 ವರ್ಷದ ಹುಡುಗನೊಬ್ಬ ದಾರಿಯಲ್ಲಿದ್ದ ಚಿಕ್ಕ ಚಾಪೆಲ್ ಹೊಕ್ಕ. ಅಲ್ಲಿನ ಬೋಧಕರು ಬಂದಿರಲಿಲ್ಲ. ಸಾಮಾನ್ಯ ಮನುಷ್ಯನೊಬ್ಬ ಎದ್ದು ಯೆಶಾಯ 45:22ರ ಮೇಲೆ ಮಾತಾಡಿದ. ಹುಡುಗನನ್ನು ನೋಡಿ, ನೀನು ದುಃಖದಲ್ಲಿರುವಂತೆ ಕಾಣುತ್ತೀಯ, ಪ್ರಭುವಿನ ಕಡೆ ನೋಡು ಎಂದ. ಆ ಹುಡುಗ ಚಾರ್ಲ್ಸ್ ಸ್ಪರ್ಜನ್, ಮುಂದೆ ಲಂಡನ್ನಿನ ಹೆಸರಾಂತ ಬೋಧಕ. ಆ ದಿನದ ಕಥೆಯನ್ನು ಅವರು ಬಾಳಿಡೀ ಹೇಳಿದರು. ಮಾತಾಡಿದವನು ಯಾರು ಎನ್ನುವುದು ಇಂದಿಗೂ ಖಚಿತವಾಗಿಲ್ಲ.

ಮುಂದಿನ ಸಲಕ್ಕೆ

ಪ್ರೇಷಿತರ ಕಾರ್ಯಕಲಾಪಗಳು 8:26-40 ಓದಿಕೊಂಡು ಬನ್ನಿ. ಇಥಿಯೋಪಿಯದ ಅಧಿಕಾರಿ ಜೆರುಸಲೇಮಿನಲ್ಲಿ ಆರಾಧನೆ ಮುಗಿಸಿ ರಥದಲ್ಲಿ ಊರಿಗೆ ಮರಳುತ್ತಿದ್ದಾನೆ. ಯೆಶಾಯನ ಗ್ರಂಥ ಓದುತ್ತಿದ್ದಾನೆ. ಅದೂ ದನಿ ತೆಗೆದು ಓದುತ್ತಿದ್ದಾನೆ, ಆ ಕಾಲದಲ್ಲಿ ಓದುವ ರೂಢಿಯೇ ಹಾಗಿತ್ತು. ಅದಕ್ಕೇ ಶುಭಸಂದೇಶ ಸಾರುತ್ತಿದ್ದ ಫಿಲಿಪ್ಪನಿಗೆ ಕೇಳಿಸಿತು. ಫಿಲಿಪ್ಪ ಉಪದೇಶದಿಂದ ಶುರು ಮಾಡುವುದಿಲ್ಲ. ಓದುತ್ತಿರುವುದು ನಿನಗೆ ಅರ್ಥವಾಗುತ್ತಿದೆಯೇ ಎಂದು ಮೊದಲು ಕೇಳುತ್ತಾನೆ. ಅನನೀಯ ಹೆಸರಿಟ್ಟು ಕರೆದ, ಪೊಂಟಿಸಿಯಾನಸ್ ಮೇಜಿನ ಮೇಲಿದ್ದ ಪುಸ್ತಕ ತೆರೆದ, ಫಿಲಿಪ್ಪ ಪ್ರಶ್ನೆ ಕೇಳಿದ. ಈ ಮೂರರಲ್ಲಿ ಗುರುತಿಲ್ಲದವರ ಹತ್ತಿರ ನಿಮಗೆ ಯಾವುದು ಸುಲಭ, ಯಾವುದು ಕಷ್ಟ? 39ನೇ ವಚನವನ್ನೂ ಬಿಡದೆ ನೋಡಿ. ಫಿಲಿಪ್ಪ ಮತ್ತೆ ಕಾಣಿಸದಿದ್ದರೂ ಆ ಅಧಿಕಾರಿ ಸಂತೋಷದಿಂದಲೇ ದಾರಿ ಹಿಡಿದ ಎಂದು ಅಲ್ಲಿದೆ. ಅವನು ಯಾಕೆ ಬೇಸರ ಪಡಲಿಲ್ಲ ಎಂಬುದಕ್ಕೆ ನಿಮ್ಮ ಉತ್ತರ ಬರೆದು ತನ್ನಿ, ಅಲ್ಲಿಂದಲೇ ಶುರು ಮಾಡೋಣ.